ಹಾರರ್ ರೀಮೇಕ್, ಪ್ರಯೋಗದ ಹಾರರ್: ಅಕ್ಕಪಕ್ಕ ಇಟ್ಟು ನೋಡಿದಾಗ

ಒಂದು ಹಾರರ್ ರೀಮೇಕ್ ಹೇಗಿದೆ ಅಂತ ಗೊತ್ತಾಗಬೇಕಾದರೆ ಮೂಲ ಚಿತ್ರವನ್ನೂ ಅದನ್ನೂ ಬೆನ್ನುಬೆನ್ನಿಗೆ ನೋಡಬೇಕು. ಮಧ್ಯೆ ವರ್ಷಗಳ ಅಂತರ ಬಿಟ್ಟರೆ ನೆನಪು ಮೂಲಕ್ಕೆ ಜಾಸ್ತಿ ಅಂಕ ಕೊಟ್ಟುಬಿಡುತ್ತದೆ. ನಾನು ಹಾಗೆ ಜೋಡಿಯಾಗಿ ನೋಡುತ್ತೇನೆ. ಜೊತೆಗೆ ಕಥೆಯ ಹಂಗೇ ಇಲ್ಲದ ಪ್ರಯೋಗದ ಚಿತ್ರಗಳನ್ನೂ ಸೇರಿಸಿಕೊಳ್ಳುತ್ತೇನೆ. ರೀಮೇಕ್‌ನಲ್ಲಿ ಮುಂದೇನು ಅಂತ ನಮಗೆ ಮೊದಲೇ ಗೊತ್ತು. ಪ್ರಯೋಗದ ಚಿತ್ರದಲ್ಲಿ ಮುಂದೇನಾದರೂ ಆಗುತ್ತದೆಯೇ ಅನ್ನುವುದೇ ಗೊತ್ತಿಲ್ಲ. ಎರಡೂ ಕಡೆ ಭಯ ಹುಟ್ಟಿಸುವುದು ಕಷ್ಟದ ಕೆಲಸ, ಅಲ್ವಾ?

ಮೊದಲು ಎಲ್ಲರಿಗೂ ಗೊತ್ತಿರುವ ಜೋಡಿ. ಹಿಡಿಯೊ ನಕಾಟಾ ಅವರ ಜಪಾನೀ ಚಿತ್ರ 'ರಿಂಗು' 1998ರದ್ದು. ಗೋರ್ ವರ್ಬಿನ್ಸ್ಕಿ ಮಾಡಿದ ಹಾಲಿವುಡ್ ರೀಮೇಕ್ 'ದಿ ರಿಂಗ್' 2002ರದ್ದು. ಒಂದು ವಿಡಿಯೋ ಟೇಪ್, ನೋಡಿದವರಿಗೆ ಸಾಯಲು ಏಳು ದಿನ ಗಡುವು. ಇಷ್ಟೇ ಕಥೆ. ಎರಡರಲ್ಲೂ ಆ ಟೇಪಿನ ದೆವ್ವದ ಹುಡುಗಿ ಟಿವಿಯೊಳಗಿಂದ ತೆವಳಿಕೊಂಡು ಹೊರಗೆ ಬರುತ್ತಾಳೆ. ಆದರೆ ಬರುವ ರೀತಿ ನೋಡಿ. 'ರಿಂಗು'ವಿನಲ್ಲಿ ನಟಿ ಹಿಂದೆ ಹಿಂದೆ ನಡೆದದ್ದನ್ನು ಚಿತ್ರೀಕರಿಸಿ, ಅದನ್ನು ಉಲ್ಟಾ ಓಡಿಸಿದ್ದಾರೆ. ಹಾಗಾಗಿ ಸಡಾಕೊಳ ಕೈಕಾಲು ಮುಂದೆ ಬರುತ್ತಿದ್ದರೂ ಮೈಯಲ್ಲಿ ಏನೋ ಒಂದು ತಪ್ಪಾಗಿದೆ ಅನಿಸುತ್ತದೆ. ಏನು ತಪ್ಪು ಅಂತ ಬೆರಳಿಟ್ಟು ಹೇಳಲು ಆಗುವುದಿಲ್ಲ. ಮುಖ ಪೂರ್ತಿ ಕೂದಲಿನ ಹಿಂದೆ. ಕಾಣುವುದು ಒಂದೇ ಒಂದು ಕಣ್ಣು. 'ದಿ ರಿಂಗ್'ನ ಸಮಾರಾ ಕೆಟ್ಟ ಸಿಗ್ನಲ್‌ನ ಹಾಗೆ ಮಿಣುಕುತ್ತಾಳೆ, ಒಂದು ಕ್ಷಣ ಇಲ್ಲಿ, ಮರುಕ್ಷಣ ಅಲ್ಲಿ. ಕೊನೆಗೆ ಮುಖವನ್ನೂ ತೋರಿಸುತ್ತಾಳೆ. ಅದು ಜಾಣ ಉಪಾಯ, ಎದೆ ಝಲ್ ಅನ್ನುತ್ತದೆ. ಆದರೆ ಮುಖ ಕಂಡಮೇಲೆ ನನಗೆ ಆ ಹುಡುಗಿಯ ಭಯ ಅರ್ಧ ಇಳಿದುಹೋಗುತ್ತದೆ.

ಹಾಗಂತ ರೀಮೇಕ್ ಕಳಪೆ ಅಲ್ಲ. ದೋಣಿಯ ಮೇಲೆ ಕುದುರೆ ಹುಚ್ಚೆದ್ದು ಸಮುದ್ರಕ್ಕೆ ಹಾರುವ ದೃಶ್ಯ ಪೂರ್ತಿ ಅದರದ್ದೇ, ಮೂಲದಲ್ಲಿ ಇಲ್ಲ. ಇಡೀ ಚಿತ್ರದಲ್ಲಿ ನನಗೆ ಗಟ್ಟಿಯಾಗಿ ಉಳಿದದ್ದೂ ಅದೇ. ಎಲ್ಲಿ ಅದು ಮೂಲವನ್ನು ಅನುಸರಿಸುತ್ತದೋ ಅಲ್ಲಿ ಹಿಂದೆ ಬೀಳುತ್ತದೆ. ಎಲ್ಲಿ ತನ್ನದೇ ದಾರಿ ಹಿಡಿಯುತ್ತದೋ ಅಲ್ಲಿ ಗೆಲ್ಲುತ್ತದೆ. ಬೇರೆ ರೀಮೇಕ್‌ಗಳಲ್ಲೂ ನನಗೆ ಕಂಡದ್ದು ಇದೇ.

ಕಿಯೋಶಿ ಕುರೊಸಾವಾ ಅವರ 'ಕೈರೊ' (2001) ಮತ್ತು ಅದರ ಹಾಲಿವುಡ್ ರೀಮೇಕ್ 'ಪಲ್ಸ್' (2006) ಜೋಡಿಯಲ್ಲಿ ಸ್ಪರ್ಧೆಯೇ ಇಲ್ಲ. 'ಕೈರೊ'ದಲ್ಲಿ ಒಂದು ಹೆಣ್ಣು ದೆವ್ವ ಕತ್ತಲ ಗೋಡೆಯ ಕಡೆಯಿಂದ ನಡೆದು ಬರುತ್ತದೆ. ನಿಧಾನ. ನಡುವೆ ಒಮ್ಮೆ ಕಾಲು ತೊಡರಿದಂತೆ ಮೈ ಕೆಳಕ್ಕೆ ಕುಸಿಯುತ್ತದೆ, ಮತ್ತೆ ಎದ್ದು ಅದೇ ಲಯದಲ್ಲಿ ಮುಂದೆ ಬರುತ್ತದೆ. ಕ್ಯಾಮೆರಾ ಬೆಚ್ಚುವುದಿಲ್ಲ. ಯಾರೂ ಮೈಮೇಲೆ ಹಾರುವುದಿಲ್ಲ. ಆ ಒಂದು ತೊಡರು ನಡಿಗೆಗೆ ನನ್ನ ಕುತ್ತಿಗೆಯ ಹಿಂದೆ ಕೂದಲು ಎದ್ದು ನಿಂತಿತ್ತು. 'ಪಲ್ಸ್' ಇದೇ ಕಥೆಗೆ ಕಂಪ್ಯೂಟರ್ ಗ್ರಾಫಿಕ್ಸ್ ದೆವ್ವಗಳನ್ನೂ ನೀಲಿ ಬಣ್ಣವನ್ನೂ ಬಳಿದಿದೆ. ಮೂಲದ ಒಂಟಿತನ ಅದರಲ್ಲಿ ಎಲ್ಲೂ ಇಲ್ಲ. 'ಪಲ್ಸ್' ನೋಡದೆ ಬಿಟ್ಟರೂ ನಷ್ಟವಿಲ್ಲ.

ಅಚ್ಚೊತ್ತಿದ ಹಾಗೆ ನಕಲು ಮಾಡಿದರೆ ಏನಾಗುತ್ತದೆ? ಗಸ್ ವ್ಯಾನ್ ಸಾಂಟ್ ಅದನ್ನೇ ಮಾಡಿದರು. ಹಿಚ್‌ಕಾಕ್ ಅವರ 1960ರ 'ಸೈಕೋ'ವನ್ನು 1998ರಲ್ಲಿ ಬಣ್ಣದಲ್ಲಿ, ಹೆಚ್ಚುಕಡಿಮೆ ಶಾಟ್‌ಗೆ ಶಾಟ್ ಮತ್ತೆ ತೆಗೆದರು. ಅದೇ ಸಂಗೀತ, ಅದೇ ಮಾತು. ಕದ್ದ ಹಣ ಮಾತ್ರ 40,000 ಡಾಲರ್‌ನಿಂದ 4,00,000 ಆಗಿದೆ. ತುಂಬಾ ಜನ ಇದನ್ನು ಅತಿ ಕೆಟ್ಟ ರೀಮೇಕ್ ಅನ್ನುತ್ತಾರೆ. ನನಗೆ ಇದು ರೀಮೇಕ್ ವೇಷದಲ್ಲಿರುವ ಪ್ರಯೋಗದ ಚಿತ್ರ. ಎಲ್ಲ ಅಳತೆ ಸರಿ ಇದ್ದೂ ಭಯ ಬರುವುದಿಲ್ಲ. ಯಾಕೆ ಬರುವುದಿಲ್ಲ ಅಂತ ಯೋಚಿಸುತ್ತಾ ಕೂರಬೇಕಾಗುತ್ತದೆ. ಮೂಲದ ನಟ ಆಂಥೊನಿ ಪರ್ಕಿನ್ಸ್ ನಗುವಾಗ ಮುಜುಗರವೂ ಮುದ್ದೂ ಒಟ್ಟಿಗೆ ಕಾಣುತ್ತಿತ್ತು. ಅದನ್ನು ಶಾಟ್ ಪಟ್ಟಿಯಲ್ಲಿ ಬರೆದಿಡಲು ಆಗುವುದಿಲ್ಲ.

ಇನ್ನು ಪ್ರಯೋಗದ ಕಡೆಗೆ. ಕೈಲ್ ಎಡ್ವರ್ಡ್ ಬಾಲ್ ಅವರ 'ಸ್ಕಿನಮರಿಂಕ್' (2022) ಸುಮಾರು 15,000 ಡಾಲರ್‌ನಲ್ಲಿ, ನಿರ್ದೇಶಕರು ಬೆಳೆದ ಮನೆಯಲ್ಲೇ ತೆಗೆದ ಚಿತ್ರ. ನಾಲ್ಕು ವರ್ಷದ ಹುಡುಗ, ಆರು ವರ್ಷದ ಅಕ್ಕ. ರಾತ್ರಿ ಎದ್ದರೆ ಅಪ್ಪ ಇಲ್ಲ. ಬಾಗಿಲು, ಕಿಟಕಿ ಮಾಯವಾಗುತ್ತಿವೆ. ಮುಖಗಳು ಸರಿಯಾಗಿ ಕಾಣುವುದೇ ಅಪರೂಪ. ಕ್ಯಾಮೆರಾ ಸೂರು, ಕಾರ್ಪೆಟ್, ಬಾಗಿಲ ಮೂಲೆ ನೋಡುತ್ತಾ ಇರುತ್ತದೆ. ಚಿತ್ರದ ತುಂಬಾ ಹಳೇ ಫಿಲ್ಮಿನ ಕಾಳು ಕಾಳು ಗದ್ದಲ. ಆ ಕತ್ತಲಲ್ಲಿ ಏನೋ ಅಲುಗಾಡಿತು ಅಂತ ನಮ್ಮ ಕಣ್ಣೇ ಕಥೆ ಕಟ್ಟುತ್ತದೆ. ಅಕ್ಕ ಮಹಡಿಯ ಕೋಣೆಗೆ ಹೋಗುವ ದೃಶ್ಯ ಒಂದಿದೆ. ಅಪ್ಪ ಹಾಸಿಗೆಯ ಅಂಚಲ್ಲಿ ಕೂತಿದ್ದಾನೆ. ಮಂಚದ ಕೆಳಗೆ ನೋಡು ಅನ್ನುತ್ತಾನೆ. ಅವಳು ಬಗ್ಗಿ ನೋಡುತ್ತಾಳೆ, ಅಲ್ಲಿ ಏನೂ ಇಲ್ಲ. ತಲೆ ಎತ್ತಿದರೆ ಅಪ್ಪ ಇಲ್ಲ, ಮಂಚದ ಇನ್ನೊಂದು ಬದಿಯಲ್ಲಿ ಅಮ್ಮ ಬೆನ್ನು ಹಾಕಿ ಕೂತಿದ್ದಾಳೆ. ಇದನ್ನು ನೋಡುವಾಗ ನಾನು ಉಸಿರು ಬಿಗಿಹಿಡಿದಿದ್ದೆ. ಆದರೆ ನೂರು ನಿಮಿಷ ಈ ಚಿತ್ರಕ್ಕೆ ಜಾಸ್ತಿಯಾಯಿತು. ನಡುವಿನ ಕಾಲುಭಾಗ ಕತ್ತರಿಸಿದ್ದರೂ ಭಯಕ್ಕೆ ಏನೂ ಕಮ್ಮಿಯಾಗುತ್ತಿರಲಿಲ್ಲ.

ಡೇವಿಡ್ ಲಿಂಚ್ ಅವರ 'ಇರೇಸರ್‌ಹೆಡ್' (1977) ಇದಕ್ಕಿಂತ ಚಿಕ್ಕದು, ಇನ್ನೂ ವಿಚಿತ್ರ. ಆದರೂ ಒಂದು ನಿಮಿಷವೂ ಸಡಿಲವಿಲ್ಲ. ಧ್ವನಿ ವಿನ್ಯಾಸಕ ಅಲನ್ ಸ್ಪ್ಲೆಟ್ ಜೊತೆ ಸೇರಿ ಕಟ್ಟಿದ ಆ ಕಾರ್ಖಾನೆಯ ಗುಂಯ್‌ಗುಡುವ ಶಬ್ದ ಕೊನೆವರೆಗೂ ಬಿಡುವುದಿಲ್ಲ. ಹೆಡ್‌ಫೋನ್ ಹಾಕಿ ನೋಡಿ, ಚಿತ್ರದ ಅರ್ಧ ಭಾಗ ಕಿವಿಯಲ್ಲೇ ಇದೆ. ಊಟದ ಮೇಜಿನ ಮೇಲೆ ಪುಟ್ಟ ಕೋಳಿಯಿಂದ ರಕ್ತ ಒಸರುವುದು, ಆ ಮಗುವಿನ ನಿಲ್ಲದ ಅಳು ಎಲ್ಲ ಅರ್ಥವಾಗದಿದ್ದರೂ, ತಂದೆಯಾಗಲು ಹೆದರಿದ ಒಬ್ಬ ಮನುಷ್ಯ ಮಾತ್ರ ಸ್ಪಷ್ಟವಾಗಿ ಅರ್ಥವಾಗುತ್ತಾನೆ. ಪ್ರಯೋಗದ ಹಾರರ್‌ಗೆ ಬೇಕಾದದ್ದು ಇದೇ. ರೂಪ ಎಷ್ಟು ಬೇಕಾದರೂ ವಿಚಿತ್ರವಾಗಿರಲಿ, ಅಡಿಯಲ್ಲಿ ಯಾರಿಗೂ ಗೊತ್ತಿರುವ ಒಂದು ಸರಳ ಭಯ ಇರಬೇಕು. 'ಬಿಗಾಟನ್' ನನ್ನನ್ನು ಹಿಡಿಯದೇ ಹೋದದ್ದು ಇದಕ್ಕೇ. ಮಾತಿಲ್ಲದ ಆ ಕಪ್ಪುಬಿಳುಪಿನ ಚಿತ್ರದ ಒಂದೊಂದು ಫ್ರೇಮೂ ಅದ್ಭುತ. ಆದರೆ ಯಾರಿಗಾಗಿ ಹೆದರಬೇಕು ಅಂತಲೇ ನನಗೆ ತಿಳಿಯಲಿಲ್ಲ.

ಈ ಎರಡೂ ದಾರಿಗಳು ಕೂಡುವ ಜಾಗ 'ಸಸ್ಪಿರಿಯಾ'. ಡಾರಿಯೊ ಅರ್ಜೆಂಟೊ ಅವರ 1977ರ ಮೂಲವೇ ಅರ್ಧ ಪ್ರಯೋಗ. ಕಥೆ ತೆಳು: ನೃತ್ಯಶಾಲೆ, ಅದರೊಳಗೆ ಮಾಟಗಾತಿಯರು. ಆದರೆ ಗೋಡೆಗಳ ಮೇಲೆ ಕಾರಣವೇ ಇಲ್ಲದೆ ಕಡುಗೆಂಪು, ನೀಲಿ ಬೆಳಕು ಸುರಿಯುತ್ತದೆ. ಗಾಬ್ಲಿನ್ ತಂಡದ ಸಂಗೀತ ಕಿವಿಯಲ್ಲೇ ಪಿಸುಗುಟ್ಟಿ ಕಿರುಚುತ್ತದೆ. 2018ರಲ್ಲಿ ಇದನ್ನು ರೀಮೇಕ್ ಮಾಡಿದ ಲುಕಾ ಗ್ವಾಡನಿನೊ ಕೊನೆಯವರೆಗೆ ಈ ಬಣ್ಣಗಳನ್ನು ಮುಟ್ಟಲೇ ಇಲ್ಲ. ಕಂದು, ಬೂದು, ಮಳೆ, ಗೋಡೆ ಎದ್ದಿರುವ 1977ರ ಬರ್ಲಿನ್. ಕೆಂಪನ್ನು ಕೊನೆಯ ಅಂಕಕ್ಕೆ ಕೂಡಿಟ್ಟಿದ್ದಾರೆ. ಮೂಲದಲ್ಲಿ ನೃತ್ಯಕ್ಕೆ ಅಂಥ ಕೆಲಸವಿರಲಿಲ್ಲ. ಇಲ್ಲಿ ನೃತ್ಯವೇ ಮಾಟ. ಒಂದು ಕೋಣೆಯಲ್ಲಿ ನಾಯಕಿ ಸೂಸಿ ಕೈ ಬೀಸುತ್ತಾಳೆ, ಕನ್ನಡಿಗಳ ಇನ್ನೊಂದು ಕೋಣೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಮೈ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಪ್ರತಿ ಹೆಜ್ಜೆಗೂ ಒಂದು ಮೂಳೆ. ನೋಡಲು ಆಗುವುದಿಲ್ಲ, ಕಣ್ಣು ತೆಗೆಯಲೂ ಆಗುವುದಿಲ್ಲ. 152 ನಿಮಿಷ ಭಾರವೇ, ವಯಸ್ಸಾದ ಡಾಕ್ಟರ್‌ನ ಕಥೆ ಎಳೆದಾಡುತ್ತದೆ. ಆದರೂ ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು 2018ರದ್ದನ್ನೇ ಆರಿಸುತ್ತೇನೆ. ಮೂಲದ ಅಭಿಮಾನಿಗಳು ಒಪ್ಪಲಿಕ್ಕಿಲ್ಲ. ಮೂಲ ನನ್ನ ಕಣ್ಣನ್ನು ಗೆದ್ದಿತ್ತು, ಇದು ಹೊಟ್ಟೆಯೊಳಗೆ ಕೂತುಬಿಟ್ಟಿತು.

ಜಾನ್ ಕಾರ್ಪೆಂಟರ್ ಅವರ 'ದಿ ಥಿಂಗ್' (1982) ಬಗ್ಗೆ ಬೇರೆ ಹೇಳಬೇಕಾಗಿಲ್ಲ. 1951ರ ಮೊದಲ ಚಿತ್ರ ಕೈಬಿಟ್ಟಿದ್ದ ರೂಪ ಬದಲಿಸುವ ಜೀವಿಯನ್ನು ಅದು ಎರಡಕ್ಕೂ ಆಧಾರವಾದ ಕಥೆಯಿಂದ ವಾಪಸ್ ತಂದಿತು. ರಕ್ತ ಪರೀಕ್ಷೆಯ ಆ ಒಂದು ದೃಶ್ಯ ಸಾಕು.

ಈ ಕಡೆ ಹೊಸದಾಗಿ ಬರುವವರು 'ದಿ ಥಿಂಗ್'ನಿಂದ ಶುರುಮಾಡಿ. ಆಮೇಲೆ 'ರಿಂಗು' ಮತ್ತು 'ದಿ ರಿಂಗ್' ಜೋಡಿ, ಮೂಲವೇ ಮೊದಲು. 'ಇರೇಸರ್‌ಹೆಡ್' ಹಿಡಿಸಿದರೆ ಮಾತ್ರ 'ಸ್ಕಿನಮರಿಂಕ್' ಹಾಕಿ, ಅದೂ ಫೋನ್ ಬೇರೆ ಕೋಣೆಯಲ್ಲಿಟ್ಟು, ದೀಪ ಆರಿಸಿ. ಒಂದೇ ಏಟಿಗೆ ನೋಡಬೇಕು, ನಡುವೆ ನಿಲ್ಲಿಸಿದರೆ ಅದು ಕೆಲಸ ಮಾಡುವುದಿಲ್ಲ. 'ಸಸ್ಪಿರಿಯಾ' ಎರಡನ್ನೂ ಒಂದೇ ರಾತ್ರಿ ನೋಡಬೇಡಿ. 2018ರದ್ದಕ್ಕೆ ಒಂದು ಇಡೀ ಸಂಜೆ ಬೇಕು.