ಹಳೆಯ ಟ್ರಕ್ಕಿಗೆ ಹಾಫ್ ಎಂಜಿನ್ ಮೇಲೋ, ಲೈನರ್ ಕಿಟ್ ಮೇಲೋ? ಎರಡನ್ನೂ ಹಾಕಿ ನೋಡಿದ ಮೇಲೆ

ರೀಕಂಡೀಷನ್ ಮಾಡಿದ ಹಾಫ್ ಎಂಜಿನ್ (ಹೆಡ್ಡು, ಪಂಪು ಬಿಟ್ಟು ಜೋಡಿಸಿಯೇ ಕೊಡುವ ಎಂಜಿನ್ನಿನ ಕೆಳಭಾಗ) ಕೂರಿಸಿ ಎರಡು ತಿಂಗಳೂ ಆಗಿರಲಿಲ್ಲ. ಒಂದು ಬೆಳಿಗ್ಗೆ, ರಾತ್ರಿಯಿಡೀ ನಿಂತು ತಣ್ಣಗಾಗಿದ್ದ ಟ್ರಕ್ಕಿನ ಬಾನೆಟ್ ಎತ್ತಿ ರೇಡಿಯೇಟರಿನ ಮೇಲಿನ ಹೋಸನ್ನು ಹಿಸುಕಿ ನೋಡಿದೆ. ಅದು ಕಲ್ಲಿನಂತೆ ಗಟ್ಟಿಯಾಗಿತ್ತು. ಎಂಜಿನ್ ತಣಿದ ಮೇಲೂ ನೀರಿನ ದಾರಿಯಲ್ಲಿ ಒತ್ತಡ ಉಳಿದಿದೆ ಎಂದರೆ ಸಿಲಿಂಡರಿನೊಳಗೆ ಉರಿದ ಅನಿಲ ಎಲ್ಲಿಂದಲೋ ನೀರಿಗೆ ಸೇರುತ್ತಿದೆ ಎಂದೇ ಅರ್ಥ. ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ರೇಡಿಯೇಟರಿನ ಬಾಯಲ್ಲಿ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳತೊಡಗಿದವು. ಎಂಜಿನ್ನಿನ ಒಡಲಾದ ಬ್ಲಾಕಿಗೂ ಅದನ್ನು ಮೇಲಿನಿಂದ ಮುಚ್ಚುವ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಆ ಹಾಫ್ ಎಂಜಿನ್ನಿಗೆ ನಾನು ಕೊಟ್ಟಿದ್ದು ಲೈನರ್ ಕಿಟ್ಟಿನ, ಅಂದರೆ ಹೊಸ ಪಿಸ್ಟನ್ನುಗಳು ಮತ್ತು ಅವು ಓಡಾಡುವ ಕೊಳವೆಗಳಾದ ಲೈನರುಗಳ ಸೆಟ್ಟಿನ, ಎರಡೂವರೆ ಪಟ್ಟು ಹಣ. ಇಂದು ಅದೇ ಟ್ರಕ್ಕಿನಲ್ಲಿ ಓಡುತ್ತಿರುವುದು ನಾನು ಮೂಲೆಗೆ ತಳ್ಳಿದ್ದ ಹಳೆಯ ಬ್ಲಾಕು, ನಾನೇ ಕೂರಿಸಿದ ಹೊಸ ಲೈನರುಗಳೊಡನೆ. ಆದ್ದರಿಂದ ಈ ಹೋಲಿಕೆಯಲ್ಲಿ ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಬಚ್ಚಿಡುವ ಅಗತ್ಯವಿಲ್ಲ.

ನನ್ನದು ಆರು ಸಿಲಿಂಡರಿನ, ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದೆ ಬಂದ ಹಳೆಯ ಡೀಸೆಲ್ ಎಂಜಿನ್. ಡೀಸೆಲ್ ಚಿಮ್ಮಿಸಲು ಇನ್‌ಲೈನ್ ಪಂಪು, ಎಲೆಕ್ಟ್ರಾನಿಕ್ಸಿನ ಸೋಂಕಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಅದರಲ್ಲಿರುವುದು ವೆಟ್ ಲೈನರುಗಳು, ಅಂದರೆ ಹೊರಮೈಗೆ ನೀರು ನೇರವಾಗಿ ತಾಗುವಂಥವು. ಲೈನರನ್ನು ಎಳೆದು ತೆಗೆದು ಹೊಸದನ್ನು ಕೂರಿಸಬಹುದಾದ್ದರಿಂದ ಬ್ಲಾಕನ್ನು ಬೋರಿಂಗಿಗೆ ಹೊತ್ತೊಯ್ಯುವ ಪ್ರಮೇಯವೇ ಬರುವುದಿಲ್ಲ. ಬ್ಲಾಕಿನಲ್ಲಿಯೇ ನೇರವಾಗಿ ಬೋರ್ ಕೊರೆದಿರುವ ಎಂಜಿನ್ ನಿಮ್ಮದಾಗಿದ್ದರೆ ಇಲ್ಲಿನ ಲೆಕ್ಕ ಬೇರೆಯಾಗುತ್ತದೆ. ಅದಕ್ಕೆ ಲೇತಿನವರ ಕೈ ಬೇಕೇ ಬೇಕು.

ಈ ಎರಡಲ್ಲದೆ ಇನ್ನೊಂದು ದಾರಿಯೂ ಇದೆ. ಪಿಸ್ಟನ್ನಿನ ಸುತ್ತ ಕೂರುವ ರಿಂಗುಗಳ ಸೆಟ್ ಮತ್ತು ಬೇರಿಂಗುಗಳನ್ನು ಮಾತ್ರ ಬದಲಿಸುವ ಅದನ್ನು ನಾನು ಹಲವು ವರ್ಷಗಳ ಹಿಂದೆಯೇ ಇದೇ ಎಂಜಿನ್ನಿನಲ್ಲಿ ಮಾಡಿ ನೋಡಿದ್ದೆ. ಸವೆದ ಲೈನರಿನ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವಂಥ ಮೆಟ್ಟಿಲು ಬಿದ್ದಿತ್ತು. ದುಂಡುತನ ಕಳೆದುಕೊಂಡ ಗೋಡೆಗೆ ಹೊಸ ರಿಂಗು ಹೊಂದಿಕೊಳ್ಳಲಿಲ್ಲ. ಆಯಿಲ್ ಕುಡಿಯುವುದು ಮೊದಲು ಕಡಿಮೆಯಾದಂತೆ ಕಂಡರೂ ವರ್ಷ ತುಂಬುವುದರೊಳಗೆ ಬ್ರೀದರಿನಿಂದ, ಅಂದರೆ ಎಂಜಿನ್ನಿನ ಉಸಿರುಗೊಳವೆಯಿಂದ, ಹೊಗೆ ಮತ್ತೆ ಬರತೊಡಗಿತು. ಟ್ರಕ್ಕನ್ನು ಮಾರುವವರಿಗೆ ಇದು ಸಾಕೇನೋ, ಇಟ್ಟುಕೊಳ್ಳುವವರಿಗೆ ಸಾಲದು.

ಎರಡನೆಯ ಸಲ ಎಂಜಿನ್ ದಣಿದಾಗ ನಾನು ಹಾಫ್ ಎಂಜಿನ್ ಕಡೆಗೆ ವಾಲಿದ್ದಕ್ಕೆ ಕಾರಣ ಸಮಯ. ಬ್ಲಾಕು, ಕ್ರ್ಯಾಂಕು (ಪಿಸ್ಟನ್ನುಗಳು ತಿರುಗಿಸುವ ದಂಡ), ಲೈನರ್, ಪಿಸ್ಟನ್ ಎಲ್ಲವೂ ಜೋಡಣೆಯಾಗಿ ಬರುತ್ತವೆ. ನಮ್ಮ ಹೆಡ್ಡು, ಪಂಪು, ಮ್ಯಾನಿಫೋಲ್ಡುಗಳನ್ನು ಅದಕ್ಕೆ ಕಟ್ಟಿದರೆ ಕೆಲಸ ಮುಗಿಯಿತು. ಚೈನ್ ಪುಲ್ಲಿ ಮತ್ತು ಇಬ್ಬರು ಗೆಳೆಯರ ನೆರವಿನಿಂದ ಮೂರು ದಿನಗಳಲ್ಲಿ ಟ್ರಕ್ಕು ರಸ್ತೆಗಿಳಿಯಿತು. ಈ ಒಂದು ವಿಷಯದಲ್ಲಿ ಹಾಫ್ ಎಂಜಿನ್ನನ್ನು ಸೋಲಿಸುವಂಥದ್ದು ಬೇರೊಂದಿಲ್ಲ. ಕ್ರ್ಯಾಂಕನ್ನು ಗ್ರೈಂಡ್ ಮಾಡಿ ಅದಕ್ಕೆ ಹೊಂದುವ ಅಂಡರ್‌ಸೈಜ್ ಬೇರಿಂಗು ಹಾಕಿಯೇ ಕೊಟ್ಟಿರುತ್ತಾರೆ ಎಂಬುದೂ ಅದರ ಪರವಾಗಿ ಹೇಳಬೇಕಾದ ಮಾತು. ಬ್ಲಾಕಿನ ಮೇಲೆ ಕೊರೆದ ಎಂಜಿನ್ ಸಂಖ್ಯೆ ಬದಲಾಗುವುದರಿಂದ ವಾಹನದ ದಾಖಲೆಯನ್ನೂ ತಿದ್ದಿಸಬೇಕಾಗುತ್ತದೆ ಎಂಬುದನ್ನು ಮಾತ್ರ ಕೊಳ್ಳುವ ಮೊದಲೇ ನೆನಪಿಟ್ಟುಕೊಳ್ಳಬೇಕು.

ಈಗ ನನ್ನ ನಿದ್ದೆ ಕೆಡಿಸಿದ ಆ ಒಂದು ಅಳತೆಯ ವಿಷಯಕ್ಕೆ ಬರುತ್ತೇನೆ. ವೆಟ್ ಲೈನರಿನ ಮೇಲ್ತುದಿಯಲ್ಲಿ ಒಂದು ಅಂಚು ಇರುತ್ತದೆ. ಅದು ಬ್ಲಾಕಿನಲ್ಲಿ ಕೊರೆದ ಮೆಟ್ಟಿಲಿನ ಮೇಲೆ ಕೂರುತ್ತದೆ. ಹಾಗೆ ಕೂತಾಗ ಲೈನರಿನ ನೆತ್ತಿ ಬ್ಲಾಕಿನ ಮುಖಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲಬೇಕು. ಹೆಡ್ಡನ್ನು ಬಿಗಿದಾಗ ಗ್ಯಾಸ್ಕೆಟ್ಟಿನ ಲೋಹದ ಬಳೆಯನ್ನು ಒತ್ತಿ ಹಿಡಿಯುವುದು ಆ ಉಬ್ಬೇ. ಅದು ಎಷ್ಟಿರಬೇಕೆಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬದಲಾಗುತ್ತದೆ. ನನ್ನ ಎಂಜಿನ್ನಿನ ಕೈಪಿಡಿಯ ಪ್ರಕಾರ 0.03ರಿಂದ 0.10 ಮಿ.ಮೀ. ಒಳಗಿರಬೇಕು, ಮತ್ತು ಅಕ್ಕಪಕ್ಕದ ಎರಡು ಲೈನರುಗಳ ನಡುವಿನ ವ್ಯತ್ಯಾಸ 0.04 ಮಿ.ಮೀ. ದಾಟಬಾರದು. ಒಂದು ಲೈನರ್ ತಗ್ಗಿದ್ದರೆ ನೆರೆಯವೇ ಹೆಡ್ಡಿನ ಭಾರವನ್ನೆಲ್ಲ ಹೊರುತ್ತವೆ, ತಗ್ಗಿದ ಲೈನರಿನ ಸುತ್ತ ಗ್ಯಾಸ್ಕೆಟ್ ಸಡಿಲವಾಗಿಯೇ ಉಳಿಯುತ್ತದೆ. ಬೋಲ್ಟುಗಳನ್ನು ಎಷ್ಟೇ ಕ್ರಮವಾಗಿ, ಎಷ್ಟೇ ಬಿಗಿಯಾಗಿ ತಿರುಗಿಸಿದರೂ ಅದು ಸರಿಹೋಗುವುದಿಲ್ಲ.

ಹಾಫ್ ಎಂಜಿನ್ನಿನ ಹೆಡ್ಡನ್ನು ಬಿಚ್ಚಿದಾಗ ಈ ಕಥೆ ಗ್ಯಾಸ್ಕೆಟ್ಟಿನ ಮೇಲೆಯೇ ಬರೆದಂತಿತ್ತು. ಐದು ಬಳೆಗಳು ಒತ್ತಿ ಹೊಳೆಯುತ್ತಿದ್ದವು. ನಾಲ್ಕನೆಯದರ ಅರ್ಧ ಭಾಗ ಮಂಕಾಗಿ, ಮಸಿ ಹಿಡಿದು, ನೀರಿನ ತೂತಿನವರೆಗೆ ಕಪ್ಪು ಗೆರೆ ಎಳೆದಿತ್ತು. ಕೂದಲೆಳೆಯ ಏರುಪೇರನ್ನೂ ತೋರಿಸುವ ಡಯಲ್ ಗೇಜ್ ಇಟ್ಟು ನೋಡಿದರೆ ಮೂರನೆಯ ಲೈನರ್ 0.08 ಮಿ.ಮೀ. ಮೇಲಿದೆ, ನಾಲ್ಕನೆಯದು ಬರೀ 0.01. ಲೈನರನ್ನು ಎಳೆದು ತೆಗೆದಾಗ ಅದರ ಕೆಳಗಿನ ಮೆಟ್ಟಿಲನ್ನು ಇತ್ತೀಚೆಗೆ ಕಟ್ಟರಿನಿಂದ ಕೊರೆದ ಗುರುತು ಸ್ಪಷ್ಟವಾಗಿ ಕಂಡಿತು. ಸವೆದ ಮೆಟ್ಟಿಲನ್ನು ಹಾಗೆ ಕೊರೆದು ನುಣುಪು ಮಾಡುವುದು ತಪ್ಪಲ್ಲ, ಮಾಡಲೇಬೇಕಾದ ಕೆಲಸ. ಆದರೆ ಕೊರೆದಷ್ಟು ದಪ್ಪದ ಶಿಮ್ಮನ್ನು ಅಂಚಿನ ಕೆಳಗೆ ಇಡದೆ ಬಿಟ್ಟರೆ ಲೈನರ್ ಅಷ್ಟು ಕೆಳಗೆ ಇಳಿಯುತ್ತದೆ. ಶಿಮ್ ಎಂದರೆ ಕಾಗದದಷ್ಟು ತೆಳುವಾದ ಲೋಹದ ಬಳೆ, ಅಷ್ಟೆ. ಅದೊಂದನ್ನು ಇಡದೆ ಹೋದದ್ದಕ್ಕೆ ನನ್ನ ಎರಡು ತಿಂಗಳೂ ಒಂದು ಗ್ಯಾಸ್ಕೆಟ್ಟೂ ಹೋದವು. ಮಾರಿದವರು ಗ್ಯಾರಂಟಿಯ ಮಾತಿಗೆ, ಹೆಡ್ಡನ್ನು ಕಟ್ಟಿದ್ದು ನೀವು, ತಪ್ಪು ನಿಮ್ಮದೇ ಎಂದುಬಿಟ್ಟರು. ಆ ಮಾತು ಇಂದಿಗೂ ನನಗೆ ನೋವು ಕೊಡುತ್ತದೆ, ಏಕೆಂದರೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು ಮಧ್ಯದಿಂದ ಹೊರಕ್ಕೆ, ಮೂರು ಹಂತಗಳಲ್ಲಿ ನಾನೇ ಬಿಗಿದಿದ್ದೆ.

ಆಮೇಲೆ ಹಳೆಯ ಬ್ಲಾಕನ್ನು ಹೊರತೆಗೆದು ಕಿಟ್ ತರಿಸಿದೆ. ಅದರಲ್ಲಿ ಆರು ಲೈನರ್, ಆರು ಪಿಸ್ಟನ್, ಪಿನ್ನುಗಳು, ರಿಂಗುಗಳು, ಲೈನರಿನ ಹೊರಗಿನ ನೀರು ಕೆಳಗಿಳಿಯದಂತೆ ತಡೆಯುವ ಓ-ರಿಂಗುಗಳು ಇದ್ದವು. ಬೋರಿನ ಒಳಮೈ ಹೋನಿಂಗ್ (ನವಿರಾಗಿ ಉಜ್ಜಿ ಹದಮಾಡುವ ಕೆಲಸ) ಆಗಿಯೇ ಬರುವುದರಿಂದ ಮನೆಯಲ್ಲಿ ಮಾಡಬೇಕಾದದ್ದು ಅಳೆಯುವುದು, ತೊಳೆಯುವುದು, ಕೂರಿಸುವುದು ಮಾತ್ರ. ಇಲ್ಲಿಯೂ ಅದೇ ಅಳತೆ ನನ್ನನ್ನು ಕಾಡಿತು, ಈ ಸಲ ನನ್ನ ತಪ್ಪಿನಿಂದ. ಮೊದಲ ಲೈನರನ್ನು ಕೈಯಿಂದ ಒತ್ತಿ ಕೂರಿಸಿ ಗೇಜ್ ಇಟ್ಟಾಗ ಒಂದು ಬದಿಯಲ್ಲಿ 0.15, ಎದುರು ಬದಿಯಲ್ಲಿ 0.06 ತೋರಿಸಿತು. ಬ್ಲಾಕೇ ಕೆಟ್ಟಿದೆಯೆಂದು ಎದೆ ಧಸಕ್ಕೆಂದಿತು. ಲೈನರನ್ನು ಮತ್ತೆ ತೆಗೆದು, ಟಾರ್ಚ್ ಹಿಡಿದು, ಉಗುರಿನಿಂದ ಮೆಟ್ಟಿಲಿನ ಮೂಲೆಯನ್ನು ಗೀರಿದಾಗ ತುಕ್ಕು ಮತ್ತು ಹಳೆಯ ಸೀಲಿಂಗ್ ಅಂಟು ಸೇರಿ ಗಟ್ಟಿಯಾದ ಒಂದು ಚಕ್ಕೆ ಎದ್ದು ಬಂತು. ಕಣ್ಣಿಗೆ ಸ್ವಚ್ಛವಾಗಿ ಕಂಡ ಜಾಗದಲ್ಲಿ ಲೈನರನ್ನು ಓರೆ ಮಾಡುವಷ್ಟು ಕೊಳೆ ಅಡಗಿತ್ತು.

ಅಲ್ಲಿಂದ ಮುಂದೆ ಆರೂ ಮೆಟ್ಟಿಲುಗಳನ್ನು ಹಿತ್ತಾಳೆಯ ಸಣ್ಣ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಓ-ರಿಂಗು ಹಾಕದೆಯೇ ಲೈನರುಗಳನ್ನು ಇಳಿಸಿದೆ. ಓ-ರಿಂಗು ಹಾಕಿದರೆ ಅದರ ಪುಟಿತದಿಂದ ಲೈನರ್ ಮೇಲೆದ್ದು ಅಳತೆ ಸುಳ್ಳಾಗುತ್ತದೆ. ಹೆಡ್ ಬೋಲ್ಟುಗಳಿಗೆ ದಪ್ಪ ವಾಷರು ಮತ್ತು ತುಂಡು ಪೈಪುಗಳನ್ನು ಸೇರಿಸಿ ಪ್ರತಿ ಲೈನರನ್ನೂ ಎರಡು ಬದಿಯಿಂದ ಹದವಾಗಿ ಒತ್ತಿ ಹಿಡಿದು, ನಾಲ್ಕು ದಿಕ್ಕಿನಲ್ಲಿ ಗೇಜ್ ಓದಿ ಸೀಮೆಸುಣ್ಣದಿಂದ ಬ್ಲಾಕಿನ ಮೇಲೆಯೇ ಬರೆದುಕೊಂಡೆ. ಐದು ಲೈನರುಗಳು 0.06 ಮತ್ತು 0.08ರ ನಡುವೆ ನಿಂತವು. ಐದನೆಯದು ಮಾತ್ರ 0.02 ತೋರಿಸಿತು. ಅದರ ಕೆಳಗೆ 0.05ರ ಶಿಮ್ ಇಟ್ಟಾಗ 0.07 ಬಂತು. ಈ ಒಂದು ಕೆಲಸಕ್ಕೆ ನನಗೆ ನಾಲ್ಕು ಸಂಜೆಗಳು ಹಿಡಿದವು. ಹಣದ ಮೇಲೆ ಎಂಜಿನ್ ಕೆಲಸ ಮಾಡುವವರು ನಾಲ್ಕು ಸಂಜೆ ಇದಕ್ಕೇ ಕೊಡಲಾರರು; ಮನೆಯಲ್ಲಿ ಮಾಡುವವರಿಗೆ ಇರುವ ದೊಡ್ಡ ಅನುಕೂಲವೇ ಇದು.

ಓ-ರಿಂಗುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಸಾಕು. ಅವು ತಿರುಚಿಕೊಳ್ಳದಂತೆ ಕೈಪಿಡಿ ಹೇಳಿದ ಜಾರುಕವನ್ನೇ ಸವರಿ ಇಳಿಸಬೇಕು. ಪಿಸ್ಟನ್ ಹಾಕುವ ಮೊದಲು, ಸಂಪ್ (ಅಡಿಯ ಆಯಿಲ್ ತೊಟ್ಟಿ) ಬಿಚ್ಚಿರುವಾಗಲೇ, ಬ್ಲಾಕಿನಲ್ಲಿ ನೀರು ತುಂಬಿಸಿ ಕೆಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಹರಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎರಡನೆಯ ಸಿಲಿಂಡರಿನ ನೇರಕ್ಕೆ ಒಂದೇ ಒಂದು ಹನಿಯ ಗುರುತು ಇತ್ತು. ತೆಗೆದು ನೋಡಿದರೆ ಓ-ರಿಂಗಿನ ಅಂಚು ಉಗುರಿನಷ್ಟು ಕತ್ತರಿಸಿತ್ತು. ಎಂಜಿನ್ ಕಟ್ಟಿದ ಮೇಲೆ ಅದು ಆಯಿಲ್ಲಿಗೆ ನೀರು ಬೆರೆಸಿ ಬೇರಿಂಗುಗಳನ್ನು ತಿಂದುಹಾಕುತ್ತಿತ್ತು.

ಕಿಟ್ಟಿನ ದಾರಿಗೆ ಒಂದು ನಿಜವಾದ ಮಿತಿಯಿದೆ, ಅದು ಕ್ರ್ಯಾಂಕು. ಎಂಜಿನ್ನನ್ನು ಚಾಸಿಯಲ್ಲೇ ಇಟ್ಟು ಲೈನರ್ ಬದಲಿಸಬಹುದು, ಬೇರಿಂಗುಗಳನ್ನೂ ಕೆಳಗಿನಿಂದ ಬದಲಿಸಬಹುದು. ಆದರೆ ಜರ್ನಲ್, ಅಂದರೆ ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ, ಗೀರಿದ್ದರೆ ಅಥವಾ ದುಂಡು ತಪ್ಪಿದ್ದರೆ ಕ್ರ್ಯಾಂಕನ್ನು ಹೊರತೆಗೆದು ಗ್ರೈಂಡಿಂಗಿಗೆ ಕಳುಹಿಸದೆ ಬೇರೆ ದಾರಿಯಿಲ್ಲ. ನನ್ನದು ಮೈಕ್ರೋಮೀಟರಿನಲ್ಲಿ ಮಿತಿಯೊಳಗೇ ಇತ್ತು. ಇಂಜೆಕ್ಷನ್ ಪಂಪು ಮತ್ತು ನಾಜಲುಗಳನ್ನು ಎರಡೂ ಸಲ ಪಂಪಿನ ಕೆಲಸದವರಿಗೇ ಒಪ್ಪಿಸಿದೆ. ಟೆಸ್ಟ್ ಬೆಂಚ್ ಇಲ್ಲದೆ ಅದಕ್ಕೆ ಕೈಹಾಕಬಾರದು.

ಶಕ್ತಿ ಹೆಚ್ಚಿಸುವ ಆಸೆಯಿಂದ ಹೊಸ ಲೈನರುಗಳು ಪಳಗಿದ ಮೇಲೆ ಟರ್ಬೊ ಕಿಟ್ಟನ್ನೂ ಹಾಕಿದೆ. ಟರ್ಬೊ ಹಾಕುವ ಯೋಚನೆ ಇದ್ದದ್ದರಿಂದ ರಿಂಗಿನ ಬಾಯಿಯ ಸಂದನ್ನು ಮೊದಲೇ ಸ್ವಲ್ಪ ಹೆಚ್ಚಾಗಿ ಇಟ್ಟಿದ್ದೆ. ನೂರು ಮಿ.ಮೀ. ಬೋರಿಗೆ 0.3ರಿಂದ 0.4 ಮಿ.ಮೀ. ಎಂಬುದು ರೂಢಿಯ ಲೆಕ್ಕ; ಶಾಖ ಹೆಚ್ಚಿದರೆ ರಿಂಗು ಇನ್ನಷ್ಟು ಹಿಗ್ಗುತ್ತದೆ, ಸಂದು ಮುಚ್ಚಿ ತುದಿಗಳು ಒಂದಕ್ಕೊಂದು ಒತ್ತಿದರೆ ಬೋರು ಹಾಳಾಗುತ್ತದೆ. ಡೀಸೆಲ್ ಹೆಚ್ಚಿಸದೆ ಅರ್ಧ ಬಾರ್ ಒತ್ತಡದಲ್ಲಿ ಓಡಿಸಿದಾಗ ಏರಿನಲ್ಲಿ ಕಪ್ಪು ಹೊಗೆ ಎದ್ದು ಕಾಣುವಷ್ಟು ಕಡಿಮೆಯಾಯಿತು, ಎತ್ತರದ ದಾರಿಗಳಲ್ಲಿ ಎಂಜಿನ್ನಿಗೆ ಉಸಿರು ಕಟ್ಟುವುದು ನಿಂತಿತು. ಸಾವಿರ ಮೀಟರ್ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಹತ್ತನೆಯ ಒಂದು ಭಾಗದಷ್ಟು ಇಳಿಯುವುದರಿಂದ ಟರ್ಬೊ ಇಲ್ಲದ ಎಂಜಿನ್ ಅಷ್ಟೇ ಸೊರಗುತ್ತದೆ. ಆಮೇಲೆ ಪಂಪಿನವರಿಂದ ಡೀಸೆಲ್ ಹೆಚ್ಚಿಸಿಕೊಂಡು ಉದ್ದದ ಏರಿಗೆ ಹೋದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಕೂರಿಸಿದ್ದ, ಹೊಗೆಯ ಶಾಖ ಅಳೆಯುವ ಪೈರೋಮೀಟರಿನ ಮುಳ್ಳು 700 ಡಿಗ್ರಿ ಸೆಲ್ಸಿಯಸ್ ದಾಟಿತು. ಪಿಸ್ಟನ್ನಿನ ಅಡಿಗೆ ಆಯಿಲ್ ಚಿಮ್ಮಿಸಿ ತಣಿಸುವ ಜೆಟ್ಟುಗಳಿಲ್ಲದ ನನ್ನ ಎಂಜಿನ್ ಆ ಶಾಖವನ್ನು ಬಹಳ ದಿನ ತಾಳಲಾರದು. ಮರುವಾರವೇ ಡೀಸೆಲನ್ನು ಹಳೆಯ ಮಟ್ಟಕ್ಕೆ ಇಳಿಸಿದೆ. ಟರ್ಬೊದಿಂದ ಆಯಿಲ್ ಮರಳುವ ಪೈಪು ಉದ್ದಕ್ಕೂ ಇಳಿಜಾರಾಗಿಯೇ ಇರಬೇಕು. ಕಿಟ್ಟಿನೊಡನೆ ಬಂದದ್ದು ನಡುವೆ ಜೋತುಬಿದ್ದಿತ್ತು, ಅದನ್ನು ಬದಲಿಸಬೇಕಾಯಿತು.

ಹೊಸ ಲೈನರ್ ಹಾಕಿದ ಎಂಜಿನ್ನನ್ನು ಗಂಟೆಗಟ್ಟಲೆ ಐಡಲಿನಲ್ಲಿ ಬಿಡುವುದು ತಪ್ಪು. ರಿಂಗನ್ನು ಗೋಡೆಗೆ ಒತ್ತುವುದು ದಹನದ ಒತ್ತಡ. ಹೊರೆಯಿಲ್ಲದೆ ಓಡಿಸಿದರೆ ಒತ್ತಡ ಸಾಲದೆ ಬೋರಿನ ಮೈ ಗಾಜಿನಂತೆ ನುಣುಪಾಗಿ, ಆಯಿಲ್ ಕುಡಿಯುವ ಚಾಳಿ ಹಾಗೆಯೇ ಉಳಿಯುತ್ತದೆ. ನಾನು ಮೊದಲ ದಿನವೇ ಮಧ್ಯಮ ಹೊರೆ ಹಾಕಿ ಓಡಿಸಿದೆ, ಕೆಲವು ನೂರು ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿದೆ.

ಸಂಜೆಗಳು ಕೈಯಲ್ಲಿರುವ, ಟ್ರಕ್ಕು ಒಂದೂವರೆ ತಿಂಗಳು ನಿಂತರೂ ಸಂಸಾರ ನಿಲ್ಲದ ನನ್ನಂಥವನಿಗೆ ಕಿಟ್ಟೇ ಸರಿ. ಹಾಫ್ ಎಂಜಿನ್ನಿಗೆ ಹೋಲಿಸಿದರೆ ಉಳಿಯುವ ಹಣದಲ್ಲಿ ಡಯಲ್ ಗೇಜ್, ಲೈನರ್ ಪುಲ್ಲರ್, ಒಳ್ಳೆಯ ಟಾರ್ಕ್ ರೆಂಚ್ ಮೂರೂ ಬಂದವು, ಅವು ಈಗ ನನ್ನವೇ. ಟರ್ಬೊ ಇರಲಿ, ಆದರೆ ಕಡಿಮೆ ಒತ್ತಡದಲ್ಲಿ ಮತ್ತು ಪೈರೋಮೀಟರಿನ ಕಾವಲಿನಲ್ಲಿ. ಟ್ರಕ್ಕಿನ ದುಡಿಮೆಯಿಂದಲೇ ದಿನ ದೂಡುವವರು ಹಾಫ್ ಎಂಜಿನ್ ತರುವುದನ್ನು ನಾನು ಬೇಡವೆನ್ನಲಾರೆ. ಅದನ್ನು ಚಾಸಿಗೆ ಇಳಿಸುವ ಮುನ್ನ, ಮಾರಿದವರ ಎದುರಿಗೇ, ಆರೂ ಲೈನರುಗಳ ನೆತ್ತಿಯ ಮೇಲೆ ಡಯಲ್ ಗೇಜ್ ಇಟ್ಟು ಓದಿ ಬರೆದುಕೊಳ್ಳಿ; ಒಂದು ಗಂಟೆಗಿಂತ ಹೆಚ್ಚು ಬೇಕಾಗುವುದಿಲ್ಲ.