ತರಗತಿಗೆ ಟೆಲಿಗ್ರಾಂ: ಕೆಲವು ಸೆಮಿಸ್ಟರ್ ಬಳಸಿದ ಮೇಲೆ

ಪದವಿ ತರಗತಿಗೆ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಕೆಲವು ಸೆಮಿಸ್ಟರ್‌ಗಳಿಂದ ಪ್ರತಿ ಬ್ಯಾಚಿಗೂ ಒಂದು ಟೆಲಿಗ್ರಾಂ ಗುಂಪು ಮಾಡುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಅದರಲ್ಲಿ ಮೂರು ಕ್ವಿಜ್ ಪೋಲ್ (ಗುಂಪಿಗೆ ಹಾಕುವ ಬಹು ಆಯ್ಕೆಯ ಪ್ರಶ್ನೆ) ಒಂದಕ್ಕೇ ಸಲ್ಲಬೇಕು.

ಎಲ್ಲರ ಫೋನಿನಲ್ಲೂ ವಾಟ್ಸಾಪ್ ಇರುವಾಗ ಇದೇಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಮೊದಲ ಕಾರಣ ಫೋನ್ ನಂಬರ್. ಟೆಲಿಗ್ರಾಂನ ಸೆಟ್ಟಿಂಗ್ಸ್‌ನಲ್ಲಿ ನಂಬರನ್ನು ಯಾರಿಗೂ ಕಾಣದಂತೆ ಇಟ್ಟುಕೊಂಡೇ ಗುಂಪಿನಲ್ಲಿ ಇರಬಹುದು. ಪರಿಚಯವೇ ಇಲ್ಲದ ಹತ್ತಾರು ಜನರ ನಡುವೆ ಕೂರುವ ವಿದ್ಯಾರ್ಥಿನಿಯರಿಗೆ ಇದು ಸಣ್ಣ ವಿಷಯವಲ್ಲ. ಎರಡನೆಯದು, ತಡವಾಗಿ ಅಡ್ಮಿಷನ್ ಆಗಿ ಬಂದವರಿಗೂ ಹಿಂದಿನ ಚರ್ಚೆಯೆಲ್ಲ ಕಾಣುವಂತೆ ಮಾಡಬಹುದು. ಫೈಲ್ ಕಳಿಸುವುದು ಇತ್ಯಾದಿ ಎಲ್ಲ ಕಡೆಯೂ ಇದ್ದದ್ದೇ, ಬಿಡಿ.

ಈಗ ಕ್ವಿಜ್ ಪೋಲ್. 2020ರ ಜನವರಿಯಲ್ಲಿ ಬಂದ ಸೌಲಭ್ಯ ಇದು. ಒಂದೇ ಸರಿ ಉತ್ತರ. ಒಮ್ಮೆ ಒತ್ತಿದರೆ ಬದಲಾಯಿಸುವಂತಿಲ್ಲ. ಒತ್ತಿದ ತಕ್ಷಣ ಸರಿಯೋ ತಪ್ಪೋ ಗೊತ್ತಾಗುತ್ತದೆ, ಯಾವ ಆಯ್ಕೆಗೆ ಶೇಕಡಾ ಎಷ್ಟು ಎಂಬುದೂ ಕಾಣುತ್ತದೆ. ಅನಾಮಧೇಯವಾಗಿ ಇಟ್ಟರೆ ಯಾರು ಯಾವುದನ್ನು ಒತ್ತಿದರೆಂದು ಪ್ರಶ್ನೆ ಹಾಕಿದ ನನಗೂ ತಿಳಿಯದು. ಇದರ ಜೀವ ಇರುವುದೇ ಇಲ್ಲಿ. ತರಗತಿಯಲ್ಲಿ "ಅರ್ಥ ಆಯ್ತಾ?" ಎಂದರೆ "ಆಯ್ತು ಮೇಡಂ" ಎಂದು ಒಕ್ಕೊರಲಿನ ಉತ್ತರ ಬರುತ್ತದೆ, ಅದನ್ನು ನಂಬುವ ಮೇಷ್ಟ್ರು ಯಾರೂ ಇಲ್ಲ. ಹೆಸರಿಲ್ಲದ ಪೋಲ್ ಅಂಥ ಮುಲಾಜು ನೋಡುವುದಿಲ್ಲ.

ಪಾಠದ ಹಿಂದಿನ ಸಂಜೆ ಒಂದೇ ಒಂದು ಪ್ರಶ್ನೆ ಹಾಕುತ್ತೇನೆ. ಉದಾಹರಣೆಗೆ: ಐದು ಸಂಖ್ಯೆಗಳ ಸರಾಸರಿ ಏರಿದರೆ ಮಧ್ಯಾಂಕವೂ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ಏರಲೇಬೇಕೆ? ತಪ್ಪು ಆಯ್ಕೆಗಳನ್ನು ನಾನು ಕಲ್ಪಿಸಿ ಬರೆಯುವುದಿಲ್ಲ; ಹಳೆಯ ಉತ್ತರ ಪತ್ರಿಕೆಗಳಲ್ಲಿ ವಿದ್ಯಾರ್ಥಿಗಳೇ ಬರೆದಿದ್ದ ತಪ್ಪುಗಳನ್ನು ಎತ್ತಿಕೊಳ್ಳುತ್ತೇನೆ. "ಏರಲೇಬೇಕು" ಎಂಬುದಕ್ಕೆ ಒತ್ತುವವರು ಕಡಿಮೆ ಇರುವುದಿಲ್ಲ. ಆಮೇಲೆ ಕೆಳಗೆ ವಾದ ಶುರು. ಯಾರೋ 1, 2, 3, 4, 5 ಬರೆದು, ಕೊನೆಯ 5ನ್ನು 50 ಮಾಡಿ ತೋರಿಸುತ್ತಾರೆ: ಸರಾಸರಿ 3ರಿಂದ 12ಕ್ಕೆ ಜಿಗಿಯಿತು, ಮಧ್ಯಾಂಕ 3ರಲ್ಲೇ ಕೂತಿದೆ. ಅದನ್ನು ನಾನು ಬೋರ್ಡಿನ ಮೇಲೆ ಬರೆದಿದ್ದರೆ ನೋಟ್ಸಿಗೆ ಇಳಿದು ಅಲ್ಲೇ ಮಲಗುತ್ತಿತ್ತು. ಮರುದಿನ ಪಾಠ ಶುರುವಾಗುವುದು ಹೆಚ್ಚು ಮತ ಬಿದ್ದ ತಪ್ಪು ಆಯ್ಕೆಯಿಂದ.

ಆದರೆ ಆ್ಯಪ್ ಹಾಕಿಬಿಟ್ಟರೆ ವಿದ್ಯಾರ್ಥಿಗಳು ತಾವಾಗಿಯೇ ಮಾತಾಡುತ್ತಾರೆ ಅಂದುಕೊಳ್ಳಬೇಡಿ. ಸಂಶೋಧಕ ರೇನಾಲ್ ಜುಂಕೊ ಮತ್ತು ಸಂಗಡಿಗರು ಅಮೆರಿಕದಲ್ಲಿ 125 ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಮಾಡಿದ ಟ್ವಿಟರ್ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಟ್ವಿಟರ್ ಬಳಸಿದ ಗುಂಪಿನ ತೊಡಗುವಿಕೆಯೂ ಗ್ರೇಡೂ ಮೇಲಿದ್ದವು ಎಂಬ ಭಾಗವನ್ನಷ್ಟೇ ಸೆಮಿನಾರುಗಳಲ್ಲಿ ಹೇಳಿ ಮುಗಿಸುವವರಿದ್ದಾರೆ. ಅಲ್ಲಿ ಅಧ್ಯಾಪಕರೂ ಟ್ವಿಟರಿನಲ್ಲಿ ಸಕ್ರಿಯರಾಗಿದ್ದರು ಎಂಬುದು ಅಷ್ಟೇ ಮುಖ್ಯ. ನಾನು ವಾರ ಪೂರ್ತಿ ಸುಮ್ಮನಿದ್ದರೆ ಗುಂಪೂ ಸುಮ್ಮನಾಗುತ್ತದೆ. ಹಾಗೆಂದು ಪ್ರತಿ ಪ್ರಶ್ನೆಗೂ ನಾನೇ ಮೊದಲು ಉತ್ತರಿಸಿದರೂ ಚರ್ಚೆ ಸಾಯುತ್ತದೆ. ಸ್ವಲ್ಪ ಕಾದು ನೋಡುವುದು ಒಳ್ಳೆಯದು, ಆ ಹೊತ್ತಿಗೆ ಇನ್ನೊಬ್ಬ ವಿದ್ಯಾರ್ಥಿ ಅರ್ಧ ಸರಿಯಾದ ಉತ್ತರ ಕೊಟ್ಟಿರುತ್ತಾನೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಕಾರಣಗಳಿವೆ. ಸಮೀಕರಣ ಟೈಪ್ ಮಾಡುವುದು ಕಿರಿಕಿರಿ. ಕಾಗದದಲ್ಲಿ ಬರೆದು ಫೋಟೋ ಹಾಕುವುದೇ ವಾಸಿ. ಇಲ್ಲಿನ ಗುಂಪು ಸಂದೇಶಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ (ಕಳಿಸಿದವರು, ಪಡೆದವರು ಬಿಟ್ಟು ನಡುವೆ ಯಾರೂ ಓದಲಾಗದ ಬೀಗ) ಇಲ್ಲ, ಸಂದೇಶಗಳ ಮಟ್ಟಿಗೆ ಆ ರಕ್ಷಣೆ ಇರುವುದು ಇಬ್ಬರ ನಡುವಿನ ಸೀಕ್ರೆಟ್ ಚಾಟ್‌ಗೆ ಮಾತ್ರ. ಹಾಗಾಗಿ ಇಂಟರ್ನಲ್ಸ್ ಅಂಕ, ಹಾಜರಿ, ಯಾರ ವೈಯಕ್ತಿಕ ವಿಚಾರವೂ ಈ ಗುಂಪಿಗೆ ಬರಬಾರದು. ಅಧಿಕೃತ ಸೂಚನೆಗಳಿಗೆ ವಿಶ್ವವಿದ್ಯಾಲಯದ್ದೇ ಪೋರ್ಟಲ್ ಇರಲಿ. ಸೋಷಿಯಲ್ ಮೀಡಿಯಾ ಬೇಡ ಎನ್ನುವ ವಿದ್ಯಾರ್ಥಿ ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ, ಅವರ ನಿಲುವು ತಪ್ಪೇನಲ್ಲ. ಅದಕ್ಕೇ ಗುಂಪಿನ ಚಟುವಟಿಕೆಗೆ ಅಂಕ ಇಟ್ಟಿಲ್ಲ, ಸಂಜೆಯ ಪ್ರಶ್ನೆಯನ್ನು ಪೋರ್ಟಲ್‌ನಲ್ಲೂ ಹಾಕುತ್ತೇನೆ.

ಪರೀಕ್ಷೆ ಹತ್ತಿರ ಬಂದಾಗ "ಯಾವ್ದು ಇಂಪಾರ್ಟೆಂಟ್ ಮೇಡಂ?" ಎಂಬ ಮಳೆ ಸುರಿಯುತ್ತದೆ. ಆಗ ಸ್ಲೋ ಮೋಡ್ ಹಾಕಿ: ಒಬ್ಬರು ಒಂದು ಸಂದೇಶ ಕಳಿಸಿದರೆ ನೀವು ಗೊತ್ತು ಮಾಡಿದ ಹೊತ್ತಿನವರೆಗೆ ಇನ್ನೊಂದು ಕಳಿಸುವಂತಿಲ್ಲ, ಗರಿಷ್ಠ ಒಂದು ಗಂಟೆ. ರಾತ್ರಿ ಒಂಬತ್ತರ ನಂತರ ಉತ್ತರಿಸುವುದಿಲ್ಲ ಎಂದು ಮೊದಲ ದಿನವೇ ಪಿನ್ ಮಾಡಿಟ್ಟುಬಿಡಿ.