ಪೇವರ್ ಬ್ಲಾಕ್ ಕೆಳಗೆ ಜಲ್ಲಿಯೋ, ಡಸ್ಟೋ, ವೆಟ್ ಮಿಕ್ಸೋ?

ಪೇವರ್ ಹಾಸಿಸುವಾಗ ಎಲ್ಲರೂ ಬ್ಲಾಕಿನ ಬಣ್ಣ, ಆಕಾರ ನೋಡೋದಕ್ಕೇ ಜಾಸ್ತಿ ಹೊತ್ತು ಕೊಡುತ್ತಾರೆ. ತಳ ಗಟ್ಟಿಯಿಲ್ಲದಿದ್ದರೆ ಎಂಥ ಬ್ಲಾಕೂ ಕುಸಿಯುತ್ತದೆ. ನಮ್ಮ ಅಂಗಳದಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ತಳ ಹಾಕಿಸಿ ನೋಡಿದ್ದೇನೆ. ನನ್ನ ಓಟು ವೆಟ್ ಮಿಕ್ಸ್‌ಗೆ, ಅಂದರೆ ನೀರು ಬೆರೆಸಿದ ಜಲ್ಲಿ-ಪುಡಿ ಮಿಶ್ರಣಕ್ಕೆ.

20 ಎಂಎಂ ಜಲ್ಲಿ ಹಾಕಿದರೆ ನೀರು ಸರಾಗವಾಗಿ ಇಳಿಯುತ್ತದೆ ಅನ್ನುತ್ತಾರೆ. ನಿಜ. ಆದರೆ ನೀರಿನ ಜೊತೆ ಮರಳೂ ಇಳಿಯುತ್ತದೆ. ಬ್ಲಾಕ್ ಕೂರಿಸೋಕೆ ಜಲ್ಲಿ ಮೇಲೆ 30 ಎಂಎಂನಷ್ಟು ಎಂ ಸ್ಯಾಂಡ್ ಹರಡುತ್ತಾರಲ್ವಾ, ಅದು. ಜಲ್ಲಿಯೆಲ್ಲ ಒಂದೇ ಗಾತ್ರ, ನಡುವೆ ಬರೀ ಸಂದು. ಮಳೆ ಬಂದಾಗ, ಕಾರಿನ ಚಕ್ರ ಹಾದಾಗ ಮರಳು ಅಷ್ಟಷ್ಟೇ ಅದರೊಳಗೆ ಜಾರುತ್ತದೆ.

ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಆಮೇಲೆ ಚಕ್ರ ಹಾಯುವ ಕಡೆ ಎರಡು ಉದ್ದನೆ ತಗ್ಗು ಬಿತ್ತು. ಒಂದು ಬ್ಲಾಕ್ ಎಬ್ಬಿಸಿದರೆ ಕೆಳಗೆ ಬೋಳು ಜಲ್ಲಿ, ಮರಳಿನ ಸುಳಿವೇ ಇಲ್ಲ. ಬ್ಲಾಕಿನ ಒಂದು ಮೂಲೆಗೆ ಆಸರೆಯೇ ಇರಲಿಲ್ಲ. ಮೇಲಿಂದ ಮರಳು ತುಂಬಿಸಿದರೆ ಅದೂ ಕೆಳಗೇ ಹೋಯಿತು.

ಮದ್ದು ಇದೆ. ಜಲ್ಲಿಗೂ ಮರಳಿಗೂ ನಡುವೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮರಳು ತಡೆಯುವ) ಬಟ್ಟೆ ಹಾಸಬೇಕು, ಇಲ್ಲವೇ ಮರಳಿನ ಬದಲು 6 ಎಂಎಂ ಬೇಬಿ ಜಲ್ಲಿ ಹಾಕಬೇಕು. ಯಾವುದನ್ನೇ ಆದರೂ ಬ್ಲಾಕ್ ಕೂರಿಸುವ ಮೊದಲೇ ಮಾಡಿಸಬೇಕು. ಆಮೇಲಾದರೆ ಅಷ್ಟನ್ನೂ ಕಿತ್ತು ಹಾಸಬೇಕು.

ಡಸ್ಟ್, ಅಂದರೆ ಕ್ರಷರ್‌ನ ಕಲ್ಲುಪುಡಿ, ಅಗ್ಗ. ಆದರೆ ನೀರು ಹಿಡಿದಿಟ್ಟುಕೊಂಡು ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ನಡೆದಾಡುವ ದಾರಿಗಾದರೆ ಸರಿ, ಕಾರಿಗೆ ಬೇಡ.

ವೆಟ್ ಮಿಕ್ಸ್‌ನಲ್ಲಿ ದಪ್ಪ ಜಲ್ಲಿಯಿಂದ ಪುಡಿಯವರೆಗೂ ಎಲ್ಲ ಇರುತ್ತದೆ. ದೊಡ್ಡ ಕಲ್ಲಿನ ಸಂದಿಗೆ ಸಣ್ಣದು, ಅದರ ಸಂದಿಗೆ ಪುಡಿ. ಮರಳು ಜಾರೋಕೆ ಜಾಗವೇ ಇಲ್ಲ. ಹದ ಮಾತ್ರ ನೋಡಿಕೊಳ್ಳಬೇಕು: ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ಕಟ್ಟಬೇಕು, ನೀರು ಒಸರಬಾರದು. ಒಮ್ಮೆಗೆ 100 ಎಂಎಂಗಿಂತ ಜಾಸ್ತಿ ಸುರಿಯದೆ, ಪದರ ಪದರವಾಗಿ ಪ್ಲೇಟ್ ಕಾಂಪ್ಯಾಕ್ಟರ್ (ಅದುರುತ್ತಾ ನೆಲ ಗಟ್ಟಿ ಮಾಡುವ ಯಂತ್ರ) ಓಡಿಸಬೇಕು. ಇದರಲ್ಲಿ ನೀರು ಇಂಗೋದು ಕಡಿಮೆ. ಅದಕ್ಕೇ ಮೀಟರಿಗೆ 2 ಸೆಂ.ಮೀ. ಇಳಿಜಾರು ಬೇಕೇ ಬೇಕು.

ಯಾವ ತಳವಾದರೂ, ಬ್ಲಾಕ್ ಪಕ್ಕಕ್ಕೆ ಸರಿಯದಂತೆ ಸುತ್ತ ಅಂಚುಕಲ್ಲು ಹಾಕಿಸೋದನ್ನ ಬಿಡಬೇಡಿ.

ನಮ್ಮಲ್ಲಿ ಅಂಗಳ ದಿನಾ ತೊಳೆಯುತ್ತೇವೆ, ಕಾರೂ ಅಲ್ಲೇ ನಿಲ್ಲುತ್ತದೆ. ಕಿತ್ತು ಹಾಸುವ ಕೂಲಿ ಮತ್ತೆ ಮತ್ತೆ ಕೊಡೋಕೆ ನನಗಾಗಲ್ಲ. ಕೈ ಬಿಗಿಯಿದ್ದರೆ ಸಾದಾ ಬ್ಲಾಕ್ ತೆಗೆದುಕೊಂಡು, ಉಳಿದ ದುಡ್ಡನ್ನು ವೆಟ್ ಮಿಕ್ಸ್‌ಗೆ ಹಾಕುತ್ತೇನೆ. ಮಳೆನೀರು ನೆಲಕ್ಕೇ ಇಂಗಬೇಕು ಅನ್ನುವವರು ಮಾತ್ರ ಜಲ್ಲಿ ಹಾಕಿಸಿ. ಆಗ ಬ್ಲಾಕಿನ ಕೆಳಗೂ ಸಂದಿಗೂ ಮರಳು ಬೇಡ, ಬೇಬಿ ಜಲ್ಲಿಯನ್ನೇ ಹಾಕಿಸಿ.